ಸೋಮವಾರದ ತೂಕ

"ಇಳೀಬೇಡಿ. ಅಲುಗಾಡಿದ್ರೆ ತೂಕ ತಪ್ಪುತ್ತೆ."

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳು ಇಳಿಯಲು ಎತ್ತಿದ ಕಾಲನ್ನು ಮತ್ತೆ ಹಲಗೆಯ ಮೇಲಿಟ್ಟಳು.

ಸೋಮವಾರ ಬೆಳಗ್ಗೆ, ಗೋದಾಮಿನ ಬಾಗಿಲು ಆಗಷ್ಟೇ ತೆರೆದಿತ್ತು. ಹಮಾಲರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಯಾರೂ ಇಲ್ಲವೆಂದುಕೊಂಡು, ಚಪ್ಪಲಿ ಬಿಟ್ಟು, ಕೈಬಳೆಗಳನ್ನೂ ತೆಗೆದಿಟ್ಟು, ಕಾಳಿನ ಮೂಟೆ ತೂಗುವ ಯಂತ್ರದ ಹಲಗೆ ಹತ್ತಿ ನಿಂತಿದ್ದಳು. ಹತ್ತಿದ ಮೇಲೆ ಗೊತ್ತಾಯಿತು, ಅಂಕಿಗಳೆಲ್ಲ ಆಚೆ ಬದಿಗಿವೆ, ತೂಗುವವನ ಕಡೆಗೆ. ಕತ್ತು ಎಷ್ಟು ಉದ್ದ ಮಾಡಿದರೂ ಕಾಣುತ್ತಿರಲಿಲ್ಲ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಮೂಟೆ ತೂಗುವವನೇ ಸುತ್ತಿ ಬಂದು ಯಂತ್ರದ ಎದುರು ನಿಂತ. ಅಂಕಿ ಕೊರೆದ ದಂಡದ ಮೇಲಿನ ತೂಕದ ಗುಂಡನ್ನು ಬೆರಳಿನಿಂದ ಒಂದಿಷ್ಟು ಸರಿಸಿದ. ದಂಡ ಮೇಲೆ ಕೆಳಗೆ ತೂಗಿ, ಸಮ ನಿಂತಿತು.

"ಎಂಬತ್ತಾರು," ಎಂದ. ಮೂಟೆಯ ತೂಕ ಕೂಗುವ ಅದೇ ದನಿ. ನಗಲಿಲ್ಲ.

ಅವಳು ಆ ಗೋದಾಮಿನಲ್ಲಿ ಹರಿದ ಚೀಲ ಹೊಲಿಯುವವಳು. ಒಂಬತ್ತು ವರ್ಷದಿಂದ ಅದೇ ಮೂಲೆ, ಅದೇ ದಬ್ಬಣ, ಅದೇ ಸೆಣಬಿನ ದಾರ. ಬೆಳಗ್ಗೆ ಕುಳಿತರೆ ಸಂಜೆಗೆ ಏಳುವುದು. ಹಮಾಲರು ಅವಳನ್ನು 'ಗೋಣಿ' ಎನ್ನುತ್ತಿದ್ದರು. ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳೂ ನಗುತ್ತಿದ್ದಳು. ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆ ಎನ್ನುವುದು ಅವಳು ಕಂಡುಕೊಂಡ ಸತ್ಯ.

ಅವನಿಗೂ ಒಂದು ಅಡ್ಡಹೆಸರಿತ್ತು, 'ತಕ್ಕಡಿ'. ಮೂಟೆ ತೂಗುವ ಕೆಲಸಕ್ಕೆ ಬಂದ ಹೆಸರಲ್ಲ. ಬಾಯಿಂದ ಹೊರಡುವ ಪ್ರತಿ ಮಾತನ್ನೂ ತೂಗಿ ನೋಡುತ್ತಾನೆಂದು ಹಮಾಲರ ಮೇಸ್ತ್ರಿ ಇಟ್ಟದ್ದು. ಒಂಬತ್ತು ವರ್ಷದಲ್ಲಿ ಅವರಿಬ್ಬರ ನಡುವೆ ಒಂಬತ್ತು ಮಾತೂ ಆಗಿರಲಿಲ್ಲ.

ಅವನು ನಗಲಿಲ್ಲವಲ್ಲ, ಅದಕ್ಕೇ ಅವಳು ಎಲ್ಲವನ್ನೂ ಹೇಳಿಬಿಟ್ಟಳು.

ಅಕ್ಕನ ಎರಡೂ ಕಿಡ್ನಿ ಸೋತಿವೆ. ವಾರಕ್ಕೆರಡು ಸಲ ಆಸ್ಪತ್ರೆಯ ವ್ಯಾನು ಬಂದು ನಗರಕ್ಕೆ ಕರೆದೊಯ್ದು, ರಕ್ತ ತೊಳೆಸಿ ತಂದುಬಿಡುತ್ತದೆ. ತಾಯಿ ಹೋದ ಮೇಲೆ ತಾಯಿಯಾದವಳು ಅಕ್ಕ, ಗಂಡ ತೀರಿಕೊಂಡ ಮೇಲೂ ತಂಗಿಯನ್ನು ಬಿಟ್ಟು ಎಲ್ಲಿಗೂ ಹೋಗದವಳು. ಅವಳಿಗೆ ತನ್ನ ಒಂದು ಕಿಡ್ನಿ ಕೊಡಬೇಕು. ರಕ್ತ ಹೊಂದಿದೆ, ಎಲ್ಲ ಹೊಂದಿದೆ. ಹೊಂದದ್ದು ಈ ಮೈ ಒಂದೇ. ಇಷ್ಟು ತೂಕದಲ್ಲಿ ಆಪರೇಷನ್ ಮಾಡಿದರೆ ಕೊಡುವವಳ ಜೀವಕ್ಕೇ ಅಪಾಯವೆಂದು ಡಾಕ್ಟರಮ್ಮ ಹೇಳಿದ್ದಾರೆ. ಎಪ್ಪತ್ನಾಲ್ಕಕ್ಕೆ ಇಳಿಯಬೇಕು. ಅದೂ ಆರು ತಿಂಗಳಲ್ಲಿ, ತಿಂಗಳಿಗೆ ಎರಡೇ ಕೆಜಿಯಂತೆ. ಅದಕ್ಕಿಂತ ಬೇಗ ಬೇಡವೇ ಬೇಡವಂತೆ.

"ಆರು ತಿಂಗಳಂತೆ..." ಅವಳು ಬಳೆ ತೊಟ್ಟುಕೊಳ್ಳುತ್ತ ಹೇಳಿದಳು. "ಎರಡೇ ತಿಂಗಳಲ್ಲಿ ಇಳಿಸ್ತೀನಿ ನಾನು."

ಮುಂದಿನ ಸೋಮವಾರ ಅವಳು ಬರುವ ಹೊತ್ತಿಗೆ ಅವನು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೇಲೊಂದು ಚೀಲ ಮಡಿಚಿ ಹಾಸಿದ್ದ.

"ಕಬ್ಬಿಣ ತಣ್ಣಗಿರುತ್ತೆ," ಎಂದ. "ಚೀಲದ ತೂಕ ಕಳೆದಿದ್ದೀನಿ."

ಊರಿನಲ್ಲಿ ಬೇರೆ ತೂಕದ ಯಂತ್ರ ಇರಲಿಲ್ಲ. ಇದ್ದಿದ್ದರೂ ಅವಳು ಹೋಗುತ್ತಿರಲಿಲ್ಲವೇನೋ.

ಮೊದಲ ವಾರವೇ ಎರಡು ಕೆಜಿ ಇಳಿಯಿತು. ಆಮೇಲೆ ಒಂದು, ಮತ್ತೊಂದು. ಬೆಳಗಿನ ತಿಂಡಿ ಬಿಟ್ಟಳು, ರಾತ್ರಿಯ ಊಟವನ್ನೂ ಬಿಟ್ಟಳು. ಭಾನುವಾರ ಸಂಜೆಯಿಂದಲೇ ನೀರು ಕುಡಿಯುವುದನ್ನೂ ನಿಲ್ಲಿಸುತ್ತಿದ್ದಳು. ಅಕ್ಕ ಬೈದಳು, ತಟ್ಟೆ ಹಿಡಿದು ಹಿಂದೆ ಹಿಂದೆ ಬಂದಳು, ಕೊನೆಗೆ ಸೋತು ಕುಳಿತು, "ನನಗೆ ಕಿಡ್ನಿ ಕೊಡ್ತೀಯೋ, ನಿನ್ನನ್ನೇ ಅರೆದು ಕೊಡ್ತೀಯೋ?" ಎಂದಳು.

ನಾಲ್ಕನೇ ವಾರ ಎಂಬತ್ತೆರಡು. ಐದನೇ ವಾರವೂ ಎಂಬತ್ತೆರಡೇ!

ಆ ಬುಧವಾರ ಮಧ್ಯಾಹ್ನ ಚೀಲ ಎತ್ತಿಡಲು ಎದ್ದವಳಿಗೆ ಕಣ್ಣು ಕತ್ತಲಿಟ್ಟಿತು. ರಾಶಿಯ ಮೇಲೆ ಕುಸಿದಳು. ಕಣ್ಣು ಬಿಟ್ಟಾಗ ಮೇಸ್ತ್ರಿ ಗಾಳಿ ಹಾಕುತ್ತಿದ್ದ. ತಕ್ಕಡಿಯವನು ನೀರಿನ ಲೋಟ ಹಿಡಿದು ನಿಂತಿದ್ದ. ಲೋಟದ ಅರ್ಧ ನೀರು ಅವನ ಅಂಗಿಯ ಮೇಲೇ ಚೆಲ್ಲಿದ್ದನ್ನು ಅವಳು ನೋಡಲಿಲ್ಲ, ಮೇಸ್ತ್ರಿ ನೋಡಿದ.

ಆರನೇ ಸೋಮವಾರ ಅವಳು ತಲೆಗೆ ಸೆರಗು ಹೊದ್ದು ಬಂದಳು. ಸೆರಗು ಸರಿಯಿತು. ಸೊಂಟ ಮುಟ್ಟುತ್ತಿದ್ದ ಜಡೆ ಇರಲಿಲ್ಲ. ಕೂದಲನ್ನು ಕಿವಿಯ ಬಳಿ ಅಡ್ಡಾದಿಡ್ಡಿ ಕತ್ತರಿಸಿಕೊಂಡಿದ್ದಳು. ಜಡೆ ಅವಳ ಕೈಚೀಲದಲ್ಲಿತ್ತು. ಕಾಳಿನ ನಮೂನೆ ತೂಗುವ ಚಿಕ್ಕ ತಕ್ಕಡಿಯಲ್ಲಿ ಇದನ್ನು ತೂಗಿ, ಎಷ್ಟು ಕಡಿಮೆಯಾಯಿತು ಹೇಳಿ ಎಂದಳು. ಆಗುವುದಿಲ್ಲವೆಂದ. ಅವಳು ಬಿಡಲಿಲ್ಲ.

"ನೂರ ಎಂಬತ್ತು ಗ್ರಾಂ."

"ಅಷ್ಟೇನಾ?"

ಅವನು ಜಡೆಯನ್ನು ಮಡಿಚಿ ಅವಳ ಕೈಚೀಲಕ್ಕೆ ಮರಳಿಸಿದ. ಅವಳು ಹಲಗೆ ಹತ್ತಿದಳು. ಕಣ್ಣು ಮುಚ್ಚಿದ್ದಳು, ತುಟಿ ಒಣಗಿತ್ತು. ಅವನು ಗುಂಡು ಸರಿಸಿದ. ದಂಡ ಸಮ ನಿಂತದ್ದು ಎಂಬತ್ತೆರಡಕ್ಕೇ.

ಅವನು ಆ ಅಂಕಿಯನ್ನು ನೋಡಿದ. ಅವಳ ಮುಖ ನೋಡಿದ.

"ಎಂಬತ್ತೊಂದು," ಎಂದ.

ಅವಳು ಅಲ್ಲೇ ಕುಳಿತು ಅತ್ತಳು. ಅತ್ತು, ಮುಖ ತೊಳೆದು, ಆ ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡಳು. ಅವನು ದೂರದಿಂದ ನೋಡುತ್ತಿದ್ದ. ತೂಕ ಇಳಿದಿದೆ ಎಂದರೆ ಇವಳು ಉಣ್ಣುತ್ತಾಳೆ... ಅಷ್ಟು ಅವನ ತಲೆಯಲ್ಲಿ ಕುಳಿತುಬಿಟ್ಟಿತು.

ಅಲ್ಲಿಂದ ಅವನ ಬಾಯಲ್ಲಿ ವಾರಕ್ಕೊಂದು ಕೆಜಿ. ಎಂಬತ್ತು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು.

ಅವಳ ಮುಖಕ್ಕೆ ಬಣ್ಣ ಬಂತು. ಹೊತ್ತಿಗೆ ಸರಿಯಾಗಿ, ಹಿತಮಿತವಾಗಿ ಉಣ್ಣತೊಡಗಿದಳು. ಸಂಜೆ ಅಕ್ಕನೊಂದಿಗೆ ನೀರಿನ ಟ್ಯಾಂಕಿನವರೆಗೆ ನಡೆಯುವುದು ರೂಢಿಯಾಯಿತು. ಅಕ್ಕನಿಗೆ ಹತ್ತು ಹೆಜ್ಜೆಗೊಮ್ಮೆ ದಣಿವಾರಿಸಿಕೊಳ್ಳಬೇಕು. ನಿಂತಾಗಲೆಲ್ಲ ತಂಗಿಯ ಮೋಟು ಕೂದಲು ಮುಟ್ಟಿ, ಎಷ್ಟು ಬೆಳೆದಿದೆಯೆಂದು ಬೆರಳಲ್ಲಿ ಅಳೆಯುವಳು. ಸೋಮವಾರಗಳು ಬಂದರೆ ಅವಳಿಗೆ ಹಬ್ಬ. ಗೋದಾಮಿಗೆ ಹೋಗುವ ಮೊದಲು ಕನ್ನಡಿ ನೋಡಿಕೊಳ್ಳುತ್ತಿದ್ದಳು. ತೂಕಕ್ಕೂ ಕನ್ನಡಿಗೂ ಏನು ಸಂಬಂಧವೇ ಎಂದು ಅಕ್ಕ ಕೇಳಿದರೆ ಸೆರಗು ಸರಿಪಡಿಸಿಕೊಂಡು ಹೊರಟುಬಿಡುವಳು.

ಹದಿಮೂರನೇ ಸೋಮವಾರ ಅವನು "ಎಪ್ಪತ್ನಾಲ್ಕು" ಎಂದಾಗ ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು. ಮರುದಿನವೇ ನಗರಕ್ಕೆ ಹೋಗುತ್ತೇನೆ ಎಂದಳು. ಅವನ ಮುಖ ಸುಣ್ಣದಂತಾಯಿತು. ಒಂದೆರಡು ತಿಂಗಳು ಕಾಯಬಾರದೇ ಎಂದು ತೊದಲಿದ. ಅಕ್ಕ ಕಾಯಬೇಕಲ್ಲ ಎಂದು ಅವಳು ನಕ್ಕಳು. ನಿಜ ಹೇಳಲು ಅವನು ಬಾಯಿ ತೆರೆದ, ಬಾಯಿ ಮುಚ್ಚಿದ. ಅಷ್ಟರಲ್ಲಿ ಹಮಾಲರು ಬಂದರು.

ಆಸ್ಪತ್ರೆಯ ಯಂತ್ರ ಎಪ್ಪತ್ತೊಂಬತ್ತು ತೋರಿಸಿತು.

ಇಳಿದು ಮತ್ತೆ ಹತ್ತಿದಳು. ಎಪ್ಪತ್ತೊಂಬತ್ತು. ಡಾಕ್ಟರಮ್ಮ ಏನೇನೋ ಹೇಳುತ್ತಿದ್ದರು. ಚೆನ್ನಾಗಿದೆ, ಹೀಗೇ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ... ಅವಳ ಕಿವಿಗೆ ಒಂದೂ ಬೀಳಲಿಲ್ಲ.

ಮರುದಿನ ಹಮಾಲರೆಲ್ಲ ನೆರೆದಿದ್ದ ಹೊತ್ತಿನಲ್ಲೇ ಅವಳು ಬಂದು ಹಲಗೆಯ ಮೇಲೆ ನಿಂತಳು.

"ಹೇಳಿ. ಎಷ್ಟು?"

ಅವನು ಗುಂಡು ಮುಟ್ಟಲಿಲ್ಲ. "ಎಪ್ಪತ್ತೊಂಬತ್ತು."

"ಮೊನ್ನೆ?"

"ಮೊನ್ನೆಯೂ ಅಷ್ಟೇ."

ಮೂಟೆ ಹೊತ್ತವರು ಹೊತ್ತಂತೆಯೇ ನಿಂತರು. ತೂಗುವ ಕೆಲಸದ ಹದಿನೆಂಟು ವರ್ಷದಲ್ಲಿ ಆ ಮನುಷ್ಯ ಒಂದು ಹಿಡಿ ಕಾಳಿನ ಸುಳ್ಳೂ ಹೇಳಿದವನಲ್ಲ.

"ನೀವು ಗೋಣಿ ಅಂತ ಯಾವತ್ತೂ ಕರೀಲಿಲ್ಲ. ಅದಕ್ಕೇ ನಂಬಿದ್ದೆ," ಎಂದಳು. ದನಿ ಏರಲಿಲ್ಲ. "ನನ್ನ ಅಕ್ಕನ ದಿನಗಳನ್ನ ತಿಂದುಬಿಟ್ಟಿರಿ ನೀವು."

ದಬ್ಬಣವನ್ನು ದಾರದ ಉಂಡೆಗೆ ಚುಚ್ಚಿಟ್ಟು ಹೊರಟುಹೋದಳು.

ಅಕ್ಕ ಇದನ್ನು ಕೇಳಿ ಮೆಲ್ಲನೆ ನಕ್ಕಳು. "ಪಾಪ ಕಣೇ ಅವನು. ಬಾಯಲ್ಲಿ ಹೇಳೋಕೆ ಬರದ್ದನ್ನ ತಕ್ಕಡೀಲಿ ಹೇಳೋಕೆ ಹೋಗಿದ್ದಾನೆ." ಅವಳಿಗೆ ಅಕ್ಕನ ಮೇಲೂ ಸಿಟ್ಟು ಬಂತು.

ಆಮೇಲಿನ ಐದು ವಾರ ಅವಳು ಅಕ್ಕನನ್ನು ಬಿಟ್ಟು ಕದಲಲಿಲ್ಲ. ಐದನೇ ವಾರದ ಗುರುವಾರ, ರಕ್ತ ತೊಳೆಯುವ ಮಂಚದ ಮೇಲೇ ಅಕ್ಕನ ಹೃದಯ ನಿಂತಿತು.

ಹೃದಯ ಬಹಳ ದಿನದಿಂದ ದುರ್ಬಲವಾಗಿತ್ತು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಅವಳ ಭುಜ ಹಿಡಿದು ಹೇಳಿದರು. ಯಾರ ತಪ್ಪೂ ಅಲ್ಲದ ಸಾವಿಗೆ ಹೇಗೆ ಅಳುವುದೆಂದು ಅವಳಿಗೆ ತಿಳಿಯಲಿಲ್ಲ. ಒಂದು ತಪ್ಪು ಬೇಕಿತ್ತು. ಒಮ್ಮೆ ಅವನನ್ನು ಶಪಿಸಿದಳು. ಒಮ್ಮೆ ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡ ತನ್ನನ್ನೇ ಶಪಿಸಿಕೊಂಡಳು.

ಅಕ್ಕನ ಚಪ್ಪಲಿ ಬಾಗಿಲ ಬಳಿಯೇ ಇತ್ತು. ನೆನಪಾದಾಗ ತಿಂದಳು, ನೆನಪು ಹೆಚ್ಚಾದಾಗ ಮತ್ತಷ್ಟು ತಿಂದಳು. ನೀರಿನ ಟ್ಯಾಂಕಿನ ದಾರಿ ಹಿಡಿಯಲಿಲ್ಲ. ಎರಡು ತಿಂಗಳಲ್ಲಿ ರವಿಕೆಗಳು ಮತ್ತೆ ಬಿಗಿಯಾದವು.

ಒಂದು ದಿನ ಮೇಸ್ತ್ರಿ ಬಂದು ಹೊಸ್ತಿಲಲ್ಲಿ ಕುಳಿತ. ದಾಸ್ತಾನು ಖಾಲಿಯಾಗಿದೆ, ಹರಿದ ಚೀಲ ಬೆಟ್ಟದಷ್ಟು ಬಿದ್ದಿದೆ, ಬೇರೆಯವಳು ಹೊಲಿದರೆ ಹೊಲಿಗೆಯಲ್ಲೇ ಕಾಳು ಸೋರುತ್ತದೆ ಎಂದ. ಏಳುವಾಗ, "ಬಾ ತಾಯಿ," ಎಂದ. ಗೋಣಿ ಎನ್ನಲಿಲ್ಲ.

ಅವಳು ಹೋದದ್ದು ಸೋಮವಾರ, ಹಮಾಲರು ಬರುವ ಮೊದಲು.

ಮೂಟೆಗಳಿಲ್ಲದ ಗೋದಾಮು ಬಿಕೋ ಎನ್ನುತ್ತಿತ್ತು. ಯಂತ್ರದ ಹಿಂದೆ ಯಾವಾಗಲೂ ಸೂರು ಮುಟ್ಟುವಂತಿದ್ದ ರಾಶಿ ಹೋಗಿ, ಗೋಡೆ ಬರಿದಾಗಿ ಕಾಣುತ್ತಿತ್ತು. ಅದರ ಮೇಲೆ, ಮೂಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಒಂದರ ಕೆಳಗೊಂದು ಅಂಕಿಗಳು.

86. 84. 83. 82. 82. 82.

ಅವಳ ಕಾಲು ಅಲ್ಲೇ ನಿಂತವು. ಅವನು ಅವಳಿಗೆ ಎಂಬತ್ತೊಂದು ಎಂದ ದಿನ ಗೋಡೆ ಎಂಬತ್ತೆರಡು ಎನ್ನುತ್ತಿತ್ತು. ಬಾಯಲ್ಲಿ ಸುಳ್ಳು ಹೇಳಿದ ಪ್ರತಿ ಸೋಮವಾರವೂ ಅವನು ರಾಶಿಯ ಹಿಂದಿನ ಸಂದಿಗೆ ನುಸುಳಿ ನಿಜ ಬರೆದಿದ್ದ. ಎಂಬತ್ತೊಂದೂವರೆ. ಎಂಬತ್ತೊಂದು. ಎಂಬತ್ತೂವರೆ, ಮತ್ತೊಮ್ಮೆ ಎಂಬತ್ತೂವರೆ. ಅರ್ಧರ್ಧ ಕೆಜಿಯಾಗಿ, ಅಕ್ಕನ ನಡಿಗೆಯಂತೆ ನಿಂತು ನಿಂತು, ಹದಿಮೂರನೇ ಸಾಲಿಗೆ ಎಪ್ಪತ್ತೊಂಬತ್ತು.

ತಿಂಗಳಿಗೆ ಎರಡು, ಮೂರು ತಿಂಗಳಿಗೆ ಆರು. ಅಷ್ಟೊತ್ತಿಗೆ ಡಾಕ್ಟರಮ್ಮ ಕೇಳಿದ್ದು ಎಂಬತ್ತು. ತಾನು ಒಂದು ಕೆಜಿ ಮುಂದೆಯೇ ಇದ್ದೆ! ಅಂದು ಅವರು ಹೇಳುತ್ತಿದ್ದದ್ದು ಇದನ್ನೇ... ಉಪವಾಸ ಬಿದ್ದ ಕೊನೆಯ ವಾರಗಳಲ್ಲಿ ಅಂಕಿ ನಿಂತಲ್ಲೇ ನಿಂತಿತ್ತು. ಉಂಡು ನಡೆದ ವಾರಗಳಲ್ಲಿ ಇಳಿದಿತ್ತು. ಯಾರೂ ಯಾರ ದಿನಗಳನ್ನೂ ತಿಂದಿರಲಿಲ್ಲ. ಅಕ್ಕನ ಬಳಿ ಆರು ತಿಂಗಳು ಇರಲೇ ಇಲ್ಲ.

ಎಪ್ಪತ್ತೊಂಬತ್ತರ ಕೆಳಗೆ ಅಂಕಿಯಿಲ್ಲದ ಚಿಕ್ಕ ಗೆರೆಗಳಿದ್ದವು. ಎಣಿಸಿದಳು. ಹದಿನಾಲ್ಕು. ಅವಳು ಬಾರದ ಸೋಮವಾರಗಳು.

ಬಾಗಿಲಲ್ಲಿ ನೆರಳು ಬಿತ್ತು. ಅವನ ಕೈಯಲ್ಲಿ ಒದ್ದೆ ಬಟ್ಟೆಯಿತ್ತು, ಯಂತ್ರ ಒರೆಸಲು ತಂದದ್ದು.

ಅವಳೇ ಚಪ್ಪಲಿ ಬಿಟ್ಟು ಹಲಗೆ ಹತ್ತಿದಳು. ಹತ್ತಿದ್ದೇ ತಡ, ಎರಡು ತಿಂಗಳಿಂದ ಅಳಲಾಗದ ಅಳು ಒಡೆದು ಬಂತು. ಮೈಯೆಲ್ಲ ಅಲುಗಿ, ದಂಡ ಎತ್ತೆತ್ತಲೋ ತೂಗಾಡಿತು. ಅವನು ಅಲುಗಾಡಬೇಡಿ ಎನ್ನಲಿಲ್ಲ. ಗುಂಡಿನ ಮೇಲೆ ಬೆರಳಿಟ್ಟು, ಅವಳ ಅಳು ಇಳಿಯುವವರೆಗೂ ಕಾದ.

ದಂಡ ಸಮ ನಿಂತಿತು.

"ಎಂಬತ್ತಮೂರೂವರೆ," ಎಂದ.

"ನಿಜವಾದದ್ದಾ?"

"ನಿಜವಾದದ್ದೇ." ಅವನು ಗುಂಡನ್ನೇ ನೋಡುತ್ತ ಹೇಳಿದ. "ಹದಿನೆಂಟು ವರ್ಷ ಊರಿಗೆಲ್ಲ ತೂಗಿದ್ದೀನಿ. ಸುಳ್ಳು ಹೇಳಿದ್ದು ನಿಮಗೊಬ್ಬರಿಗೇ. ನೀವು ಉಣ್ಣದೇ ಇದ್ರೆ... ನನಗೆ ತಡೆಯೋಕಾಗ್ತಿರಲಿಲ್ಲ. ಅದನ್ನ ಹಾಗೇ ಹೇಳಬೇಕಿತ್ತು. ಬರಲಿಲ್ಲ. ತಪ್ಪು ನನ್ನದೇ."

ಅವಳು ಕಣ್ಣೊರೆಸಿಕೊಂಡಳು. ಅಕ್ಕ ಅಂದೇ ಹೇಳಿದ್ದಳಲ್ಲ.

"ಈಗ ಯಾರಿಗೋಸ್ಕರ ಇಳಿಸಲಿ ಹೇಳಿ."

"ಇಳಿಸಲೇಬೇಕು ಅಂತ ಇಲ್ಲ," ಎಂದ ಅವನು. "ಗೋದಾಮಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡೀತಿದ್ರಿ. ಕುಂತು ಕುಂತು ಹಾಗಾಗಿದೆ. ಸಂಜೆ ಒಂದಿಷ್ಟು ನಡೆದ್ರೆ ಒಳ್ಳೇದು. ಟ್ಯಾಂಕಿನವರೆಗೆ ಸಾಕು."

"ಒಬ್ಬಳೇ ಆ ದಾರೀಲಿ ಹೋಗೋಕೆ ನನ್ನಿಂದ ಆಗಲ್ಲ."

"ಒಬ್ಬರೇ ಅಂತ ನಾನು ಹೇಳಲಿಲ್ಲ."

ಅವಳು ಅವನ ಮುಖ ನೋಡಿದಳು. ಅವನು ಕಿವಿಯವರೆಗೂ ಕೆಂಪಾಗಿದ್ದ.

"ನಾನು ಬಹಳ ನಿಧಾನ ನಡೀತೀನಿ," ಎಂದಳು. "ಅಕ್ಕನ ನಡಿಗೆ ರೂಢಿಯಾಗಿಬಿಟ್ಟಿದೆ. ಹತ್ತು ಹೆಜ್ಜೆಗೊಮ್ಮೆ ನಿಲ್ತೀನಿ."

"ನಿಲ್ಲೋಣ," ಎಂದು ಅವನು ಕೈ ಚಾಚಿದ. "ಇಳೀರಿ ಈಗ."