ತಟ್ಟೆ ಎಸೆಯಬಾರದ ಅಡುಗೆಮನೆ

“ಬಯ್ಯಿ, ಕೂಗಾಡು, ಬೇಕಾದ್ರೆ ಸಹಾಯಕರನ್ನ ಕೆಲಸದಿಂದ ತೆಗೆದುಹಾಕು. ಆದ್ರೆ ಇಲ್ಲಿ ತಟ್ಟೆ ಮಾತ್ರ ಎಸೀಬೇಡಪ್ಪ,” ಎಂದಳು ಹೋಟೆಲಿನ ಯಜಮಾನಿ.

ಟೀವಿ ಕಾರ್ಯಕ್ರಮಕ್ಕೆ ಅಡುಗೆ ಮಾಡಲು ಬಂದಿದ್ದ ಬಾಣಸಿಗ ಹಲ್ಲು ಕಿರಿದ. ಎಸೆಯದಿದ್ದರೆ ಅವನ ಮುಖ ಯಾರು ನೋಡುತ್ತಾರೆ? ಟೀವಿಯವರು ಅವನಿಗೆ ಇಟ್ಟ ಹೆಸರು ‘ಚಿನ್ನದ ನಾಲಿಗೆ’. ಒಂದು ಹನಿ ಬಾಯಿಗೆ ಬಿದ್ದರೆ ಸಾಕು, ಪಾತ್ರೆಗೆ ಏನೇನು ಹಾಕಿದ್ದಾರೆಂದು ಹೇಳಿಬಿಡುತ್ತಿದ್ದ. ಅದು ಸುಳ್ಳಲ್ಲ. ಆದರೆ ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದುದು ಕೊನೆಯಲ್ಲಿ ಅವನು ಸಹಾಯಕಿಯ ಮುಖಕ್ಕೆ ಬೀಸುವ ತಟ್ಟೆಗೆ. ಆ ಸಹಾಯಕಿ ಅವನ ಒಡಹುಟ್ಟಿದ ತಂಗಿ. ಅವಳ ಹಣೆಯ ಕಲೆಗಳನ್ನು ಪೌಡರ್ ಬಳಿದು ಮುಚ್ಚುತ್ತಿದ್ದರು.

“ಯಾಕಮ್ಮ, ತಟ್ಟೆ ಅಷ್ಟೊಂದು ದುಬಾರಿನಾ?”

“ನನ್ನ ಮಗಳು ಇದೇ ಒಲೆ ಮುಂದೆ ಅಡುಗೆ ಮಾಡ್ತಿದ್ಲು. ನಿನ್ನ ಹಾಗೇ ಮೆರೀತಿದ್ದ ಒಬ್ಬ ನೀಲಿ ಅಂಚಿನ ತಟ್ಟೆ ಎಸೆದ. ಚೂರು ಕುತ್ತಿಗೆಗೆ ಹೊಕ್ತು.” ಯಜಮಾನಿ ಒಲೆಯ ಬುಡದ ಕಲ್ಲನ್ನು ತೋರಿಸಿದಳು. “ಆ ಚೂರುಗಳನ್ನ ಅವಳ ಕೂದಲಲ್ಲಿ ಸುತ್ತಿ, ಮಾಟ ಮಾಡಿಸಿ, ಅಲ್ಲಿ ಹೂಳಿಸಿದೀನಿ. ಎಸೆದವರನ್ನ ಅದು ಬಿಡಲ್ಲ.”

“ಅಯ್ಯೋ, ಮಾಟವಂತೆ!” ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಯಾಮೆರಾದವನ ಬೆನ್ನು ತಟ್ಟಿದ. “ಇದನ್ನೂ ಹಾಕ್ರೋ ಕಾರ್ಯಕ್ರಮದಲ್ಲಿ. ಜನ ಮುಗಿಬೀಳ್ತಾರೆ!”

ತಂಗಿ ನಗಲಿಲ್ಲ. “ಅಣ್ಣಾ, ಇವತ್ತೊಂದಿನ ಬೇಡ ಕಣೋ.”

“ಬಾಯ್ಮುಚ್ಕೊಂಡು ಸೂಪ್ ನೋಡ್ಕೋ ಹೋಗು.”

ಸಂಜೆ ಶೂಟಿಂಗ್ ದೀಪಗಳ ಝಳಕ್ಕೆ ಅಡುಗೆಮನೆ ಕಾದು ಕೆಂಡವಾಗಿತ್ತು. ಬೆಣ್ಣೆ, ಬೆವರು, ಹುರಿದ ಈರುಳ್ಳಿಯ ವಾಸನೆ. ಗಾಜಿನ ಗೋಡೆಯ ಆಚೆ ಊಟಕ್ಕೆ ಬಂದವರೆಲ್ಲ ಎದ್ದುನಿಂತು ಇಣುಕುತ್ತಿದ್ದರು. ತಂಗಿ ಬಿಳಿ ಪಿಂಗಾಣಿ ತಟ್ಟೆಯಲ್ಲಿ ಸೂಪು ಬಡಿಸಿಕೊಟ್ಟಳು. ಅವನು ಚಮಚ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ.

ಚೆನ್ನಾಗಿತ್ತು. ಅವನು ಮಾಡುವುದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು ಪುಣ್ಯಾತ್ಮನಿಗೆ.

“ಉಪ್ಪಿಲ್ಲ!” ಎಂದು ಅಬ್ಬರಿಸಿದ. “ಉಪ್ಪು ಹಾಕೋಕೂ ಬರಲ್ವೇನೇ ನಿಂಗೆ?”

ಬೀಸಿ ಎಸೆದ.

ತಟ್ಟೆ ತಂಗಿಯ ಹಣೆಗೆ ಬಡಿದು ಕಲ್ಲುನೆಲದ ಮೇಲೆ ಬಿತ್ತು. ಒಡೆಯಲಿಲ್ಲ. ಗಿರಗಿರನೆ ತಿರುಗಿ, ಅವನ ಕಾಲ ಬಳಿ ಬಂದು ನಿಂತಿತು. ತಂಗಿಯ ಹಣೆಯ ಮೇಲೆ ಒಂದು ಗೀರೂ ಇರಲಿಲ್ಲ.

ಹೊಗೆ ಎಳೆಯುವ ಫ್ಯಾನು ತಾನಾಗಿ ನಿಂತುಹೋಯಿತು. ಕೂದಲು ಸುಟ್ಟ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಲೆಯ ಬುಡದಿಂದ ತಣ್ಣನೆಯ ಗಾಳಿ ಅವನ ಪಾದಗಳನ್ನು ಸವರಿಕೊಂಡು ಹೋಯಿತು. ಆಚೆ ಚಪ್ಪಾಳೆಯೋ ಚಪ್ಪಾಳೆ. ಕಾರ್ಯಕ್ರಮ ಮುಗಿಸಬೇಕಲ್ಲ, ಅವನು ಎಂದಿನಂತೆ ಪಾತ್ರೆಗೆ ಚಿಟಿಕೆ ಉಪ್ಪು ಹಾಕಿ, ಒಂದು ಚಮಚ ಬಾಯಿಗಿಟ್ಟ.

ಕರಕ್.

ಕಲ್ಲೇ? ನಾಲಿಗೆ ಆಡಿಸಿದ. ಕೊಯ್ಯಿತು. ಅಂಗೈಗೆ ಉಗಿದ. ನೀಲಿ ಅಂಚಿನ ಪಿಂಗಾಣಿ ಚೂರು. ಅವನು ಎಸೆದ ತಟ್ಟೆಗೆ ನೀಲಿ ಅಂಚಿರಲಿಲ್ಲ.

ಇನ್ನೊಂದು. ವಸಡು ಸೀಳಿಕೊಂಡು ಬಂತು. ಮತ್ತೊಂದು, ನಾಲಿಗೆಯ ಅಡಿಯಿಂದ. ಬಾಯಿ ಮುಚ್ಚಿದರೆ ಚೂರುಗಳು ಕೆನ್ನೆ ಇರಿದವು. ತೆರೆದರೆ ರಕ್ತ. ಬಿಳಿ ಕೋಟಿನ ಎದೆಯೆಲ್ಲ ರಕ್ತ. ಬೆರಳು ತೂರಿಸಿ ಕಿತ್ತ. ಚೂರಿನ ಜೊತೆ ಕೂದಲು ಬಂತು. ಉದ್ದದ ಹೆಣ್ಣುಕೂದಲು. ಎಳೆದ. ಅದು ನಾಲಿಗೆಗೆ ಸುತ್ತಿತ್ತು. ಬಿಗಿಯಿತು. ಬಿಡಲು ನೋಡಿದ. ಕೈ ಕೇಳಲಿಲ್ಲ. ಎಳೆಯಿತು. ಇನ್ನೂ ಬಿಗಿಯಿತು. ಕೈ ಮತ್ತೆ ಎಳೆಯಿತು.

ನಾಲಿಗೆ ಕಿತ್ತುಬಂದು ಕಾಲ ಬಳಿಯ ತಟ್ಟೆಗೆ ಬಿತ್ತು.

“ಎಂಥಾ ನಟನೆ ಮಾರಾಯ!” ಎಂದು ಆಚೆ ಯಾರೋ ಕೂಗಿದರು. ಚಪ್ಪಾಳೆ ನಿಲ್ಲಲಿಲ್ಲ. ತಂಗಿ ಒಬ್ಬಳೇ ಓಡಿಬಂದು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಬಟ್ಟೆ ಒತ್ತಿ, “ಯಾರಾದ್ರೂ ಬನ್ರೋ!” ಎಂದು ಅರಚಿದಳು.

“ಬೇಡಪ್ಪ ಅಂದಿದ್ನಲ್ಲ,” ಎಂದು ಯಜಮಾನಿ ಬಾಗಿಲಲ್ಲೇ ನಿಂತು ಅತ್ತಳು.

ಜೀವ ಉಳಿಯಿತು. ಈಗ ಆ ಒಲೆಯ ಮುಂದೆ ತಂಗಿ ನಿಲ್ಲುತ್ತಾಳೆ. ಮನೆಗೆ ಬಂದು ಅಣ್ಣನಿಗೆ ಬಟ್ಟಲಲ್ಲಿ ಸೂಪು ಕೊಡುತ್ತಾಳೆ. ಬಿಸಿ ಎಂದಷ್ಟೇ ಅವನಿಗೆ ಗೊತ್ತಾಗುತ್ತದೆ.

ಒಂದು ದಿನ ಅವನ ಎದುರು ಕೂತು ಕೇಳಿದಳು. “ಅಣ್ಣಾ, ಅವತ್ತು ನಿಜವಾಗ್ಲೂ ಉಪ್ಪು ಕಡಿಮೆ ಇತ್ತಾ?”

ಸಿಟ್ಟು ನೆತ್ತಿಗೇರಿತು. ಕೈ ಬಟ್ಟಲನ್ನು ಹಿಡಿದು ಮೇಲೆತ್ತಿತು. ಬಾಯೊಳಗೆ ಎಲ್ಲೋ ಕರಕ್ ಎಂದಿತು.

ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. ಇಲ್ಲ, ಸರಿಯಾಗಿತ್ತು ಎಂದು ತಲೆಯಾಡಿಸಿದ.