ಬ್ರೇಕ್ ಕೆಡಿಸಿದ್ದು ಯಾರು?

"ಇದನ್ನ ನಾನು ಕೊಡಲ್ಲ."

ಕೌಂಟರಿನ ಆಚೆ ನಿಂತಿದ್ದ ಹುಡುಗ ಬ್ರೇಕ್ ಪ್ಯಾಡಿನ ಡಬ್ಬಿಯನ್ನು ತನ್ನ ಕಡೆಗೇ ಎಳೆದುಕೊಂಡ.

ನಾಗಶ್ರೀಯ ಮೈ ಉರಿಯಿತು. ಮಳವಳ್ಳಿಯ ಆ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಅವಳೊಬ್ಬಳೇ ಹೆಂಗಸು. ಹಿಂದೆ ನಿಂತಿದ್ದ ಇಬ್ಬರು ಆಗಲೇ ಕಿಸಕ್ಕೆಂದಿದ್ದರು.

"ಯಾಕೆ, ಹೆಂಗಸ್ರಿಗೆ ಮಾರಲ್ವಾ? ಹಂಗಂತ ಬೋರ್ಡ್ ಹಾಕ್ಬುಡಿ!"

"ನೀವು ತಂದಿರೋ ಹಳೇ ಪ್ಯಾಡ್ ನೋಡಿ. ಸವೆದು ಸವೆದು ಕಬ್ಣಕ್ಕೆ ಕಬ್ಣ ಉಜ್ಜಿದೆ. ಡಿಸ್ಕೂ ಹೋಗಿರ್ತದೆ. ಬರೀ ಪ್ಯಾಡ್ ಹಾಕ್ಕೊಂಡು ಎಲ್ಲಾದ್ರೂ ಗುದ್ದುದ್ರೆ ಪಾಪ ನಂಗ್ ಬತ್ತದೆ. ನಿಮ್ ಮೆಕ್ಯಾನಿಕ್ ಕಳ್ಸಿ."

"ನಾನೇ ಮೆಕ್ಯಾನಿಕ್!"

ಹಿಂದಿನವರ ನಗು ಜೋರಾಯಿತು. ಅವನು ನಗಲಿಲ್ಲ. ಅವಳ ಉಗುರಿನ ಸಂದಿಯಲ್ಲಿದ್ದ ಕರಿ ಗ್ರೀಸನ್ನು ನೋಡಿದ.

"ಗಾಡಿ ಎಷ್ಟು ಓಡಿದೆ?"

"ಎರಡು ಲಕ್ಷದ ಎಂಬತ್ತು ಸಾವ್ರ."

"ಇನ್ನೂ ಉಸಿರಾಡ್ತಾ ಅದಾ?"

"ನಿಮ್ಗಿಂತ ಚೆನ್ನಾಗಿ!"

ಈಗ ಅವನು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. ಪೂರಿಗಾಲಿಗೆ ಹೋಗುವಷ್ಟು ದೂರವೂ ಅದನ್ನೇ ನೆನೆಸಿಕೊಂಡು ಬೈದುಕೊಂಡಳು... ಅಷ್ಟೊಂದು ಹಿಡಿಸದಿದ್ದರೆ ಅಷ್ಟು ದೂರ ಯಾಕೆ ನೆನೆಸಿಕೊಂಡಳು ಅನ್ನುವುದು ಬೇರೆ ಮಾತು.

ಅವನು ರಘುನಂದನ್. ಮದ್ದೂರಿನ ಆಚೆ ಒಂದು ಹಳ್ಳಿಯ ಗೌಡರ ಮನೆ ಹುಡುಗ. ಡಿಪ್ಲೊಮಾ ಮುಗಿಸಿ, ಗದ್ದೆಗಿಂತ ಇಂಜಿನ್ನೇ ವಾಸಿ ಎಂದು ಆ ಅಂಗಡಿ ಸೇರಿದ್ದ. ನಾಗಶ್ರೀ ಮಳವಳ್ಳಿಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಆ ಬಿಳಿ ಕಾರು ಅವಳಪ್ಪ ಕೆಂಪಸಿದ್ದಯ್ಯನದು. ಮೂವತ್ತೊಂದು ವರ್ಷ ಸರ್ಕಾರಿ ಜೀಪು ಓಡಿಸಿ, ಒಂದು ಗೀರೂ ಬೀಳಿಸದೆ ನಿವೃತ್ತನಾದ ಡ್ರೈವರ್. ಮಂಡಿ ಸವೆದ ಮೇಲೆ ಸ್ಟಿಯರಿಂಗ್ ಮಗಳ ಕೈಗೆ ಬಂತು. ಗ್ಯಾರೇಜಿನವರು ಹೆಣ್ಣು ಅಂತ ಒಂದಕ್ಕೆರಡು ಹೇಳಿದಾಗ ಸ್ಪ್ಯಾನರೂ ಬಂತು. ಆಯಿಲ್, ಪ್ಲಗ್ಗು, ಬೆಲ್ಟು ಎಲ್ಲವನ್ನೂ ಫೋನಿನಲ್ಲಿ ವೀಡಿಯೊ ನೋಡಿಕೊಂಡು ತಾನೇ ಬದಲಿಸಿದ್ದಳು.

ಬ್ರೇಕ್ ಮಾತ್ರ ಹೆದರಿಕೆ. ಅದಕ್ಕೇ, ಮುಂದಿನ ವಾರ ಮತ್ತೆ ಅದೇ ಅಂಗಡಿಗೆ ಹೋದಳು.

"ಭಾನುವಾರ ಬಂದು ಒಂದ್ಸಲ ನೋಡ್ತೀರಾ? ಪೂರಿಗಾಲಿ. ಅಂಬೇಡ್ಕರ್ ಬೀದಿ."

ಬೀದಿಯ ಹೆಸರು ಹೇಳುವಾಗ ಅವನ ಮುಖವನ್ನೇ ನೋಡಿದಳು. ಅದು ಅವಳಿಗೆ ಹುಟ್ಟಿನಿಂದ ಬಂದ ಅಭ್ಯಾಸ.

"ಬತ್ತೀನಿ," ಅಂದ. ಮುಖದಲ್ಲಿ ಏನೂ ಬದಲಾಗಲಿಲ್ಲ.

ಬಂದ. ಮತ್ತೆ ಮತ್ತೆ ಬಂದ. ಎರಡು ಲಕ್ಷದ ಎಂಬತ್ತು ಸಾವಿರ ಓಡಿದ ಕಾರಿಗೆ ರಿಪೇರಿಯ ನೆಪ ಹುಡುಕಬೇಕಾಗಿಲ್ಲ, ಅದೇ ಕೊಡುತ್ತದೆ! ಒಂದು ಭಾನುವಾರ ಹೋಸ್, ಇನ್ನೊಂದು ಭಾನುವಾರ ಬೇರಿಂಗ್. ಅವನು ಮಾಡಿ ತೋರಿಸುತ್ತಿರಲಿಲ್ಲ, ಅವಳ ಕೈಯಲ್ಲೇ ಮಾಡಿಸುತ್ತಿದ್ದ. ಮೊದಲಿನ 'ರೀ' ಬಿದ್ದುಹೋಗಿ 'ಕಣೆ' ಬಂತು.

"ಬ್ರೇಕ್ ಆಯಿಲ್ ಡಬ್ಬಿಗೆ ಬೇರೆ ಏನೂ ಬೀಳ್ಬಾರ್ದು ಕಣೆ. ಇಂಜಿನ್ ಆಯಿಲ್ ಬಿದ್ರೆ ರಬ್ಬರೆಲ್ಲ ಉಬ್ಕೊಂಡ್ ಬುಡ್ತವೆ."

"ನಂಗೇನು ಅಷ್ಟೂ ಗೊತ್ತಾಗಲ್ವಾ?"

ಜಗಲಿಯ ಮೇಲೆ ಕೂತ ಕೆಂಪಸಿದ್ದಯ್ಯ ಎಲ್ಲವನ್ನೂ ನೋಡುತ್ತಿದ್ದ. "ಆ ಬೆಲ್ಟ ನಾನು ಕಣ್ಮುಚ್ಕೊಂಡು ಹಾಕ್ತಿದ್ದೆ," ಅನ್ನುತ್ತಿದ್ದ. ಇಬ್ಬರೂ "ಹ್ಞೂಂ" ಅಂದು ಬಾನೆಟ್ಟಿನೊಳಗೆ ತಲೆ ತೂರಿಸುತ್ತಿದ್ದರು.

ಏಪ್ರಿಲ್‌ನಲ್ಲಿ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದ ದಿನ ಪೈಪಿನೊಳಗಿನ ಗಾಳಿ ತೆಗೆಯಬೇಕಿತ್ತು. ಅದಕ್ಕೆ ಇಬ್ಬರು ಬೇಕೇಬೇಕು. ಅವಳು ಸೀಟಿನಲ್ಲಿ ಕೂತು ಪೆಡಲ್ ತುಳಿದು ಹಿಡಿಯಬೇಕು. ಅವನು ಚಕ್ರದ ಹತ್ತಿರ ಮಲಗಿ ನಟ್ಟು ಸಡಿಲಿಸಿ, ಗಾಳಿ ಹೋದ ಕೂಡಲೇ ಬಿಗಿಯಬೇಕು. ಬಿಗಿಯುವ ಮೊದಲೇ ಅವಳು ಕಾಲು ತೆಗೆದರೆ ಗಾಳಿ ವಾಪಸ್ ಒಳಕ್ಕೆ!

"ತುಳಿ... ಹಿಡ್ಕೊ... ಬುಡು."

"ತುಳಿ... ಹಿಡ್ಕೊ... ಬುಡು."

"ತುಳಿ... ಹಿಡ್ಕೊ... ನಾಗಶ್ರೀ, ನಿನ್ನ ಮದ್ವೆ ಆಗ್ಬೇಕು ಅಂತ ನಂಗೆ ಆಸೆ ಕಣೆ... ಬುಡು."

ಕಾಲು ಪೆಡಲ್ ಮೇಲೇ ಉಳಿಯಿತು.

"ಬುಡೇ, ಬುಡು ಅಂದ್ನಲ್ಲ!"

"ಮೊದ್ಲು ಅಂದಿದ್ದನ್ನ ಇನ್ನೊಂದ್ಸಲ ಅನ್ನು."

"ಮದ್ವೆ ಆಗ್ಬೇಕು ಅಂದೆ ಕಣೆ. ಈಗ ಬುಡ್ತೀಯಾ?"

ಜಗಲಿಯಿಂದ ಎಲ್ಲ ಕೇಳಿಸುತ್ತಿತ್ತು. ಕೆಂಪಸಿದ್ದಯ್ಯ ಎದ್ದು ಒಳಗೆ ಹೋದ.

ಮುಂದಿನ ಭಾನುವಾರ ನೆಂಟರ ಮಗುವಿನ ಮುಡಿ ಕೊಡಲು ಮುತ್ತತ್ತಿಗೆ ಹೊರಟರು. ಸ್ಟಿಯರಿಂಗ್ ನಾಗಶ್ರೀಯ ಕೈಯಲ್ಲಿ, ಪಕ್ಕದ ಸೀಟಿನಲ್ಲಿ ಅಪ್ಪ. ಕಾಡಿನ ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಪೆಡಲ್ ತುಳಿದಳು. ಮೊದಲು ಕಲ್ಲಿನ ಹಾಗೆ ಗಟ್ಟಿ. ಎರಡನೇ ಸಲ... ನೆಲದವರೆಗೂ ಹೋಯಿತು!

"ಅಪ್ಪಾ, ಬ್ರೇಕಿಲ್ಲ!"

"ದಿಣ್ಣೆ ಕಡೀಕ್ ಕೊಡು! ಹಳ್ಳದ್ ಕಡೀಕಲ್ಲ, ದಿಣ್ಣೆಗೆ ಕೊಡವ್ವಾ!"

ಕಾರು ದಿಣ್ಣೆಗೆ ಗುದ್ದಿ ನಿಂತಿತು. ಅಪ್ಪನಿಗೆ ಏನೂ ಆಗಲಿಲ್ಲ. ಅವಳ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ರಘುನಂದನ್ ಆಸ್ಪತ್ರೆಗೆ ಓಡಿ ಬಂದ. ಅವನ ಮುಖ ನೋಡಿದ್ದೇ ಅವಳೊಳಗಿನ ನೋವೆಲ್ಲ ಬಾಯಿಗೆ ಬಂತು.

"ಮಾತಾಡ್ತಾ ಮಾತಾಡ್ತಾ ನಟ್ಟು ಬಿಗಿಯೋದು ಮರ್ತೆ ಅಲ್ವಾ?"

"ನಾನು... ಬಿಗಿದ್ದೆ ಅನ್ಸುತ್ತೆ..."

"ಅನ್ಸುತ್ತಾ? ನಿಮ್ಮೋರ ಮನೆ ಕಾರಾಗಿದ್ರೆ ಎರಡು ಸಲ ನೋಡ್ತಿದ್ದೆ! ಕೇರಿಯೋರ ಕಾರು ತಾನೆ, ಹೆಂಗೋ ಆಯ್ತು ಅಂದ್ಕೊಂಡೆ!"

ವಾರ್ಡಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಅವನು ಕೆಂಪಸಿದ್ದಯ್ಯನ ಕಡೆ ತಿರುಗಿ ಕೇಳಿದ: "ಒಂದ್ಸಲ ಕಾರು ಬಿಚ್ಚಿ ನೋಡ್ಲಾ?"

"ಮುಟ್ಟುದ್ರೆ ಕೈ ಮುರೀತೀನಿ!" ಅಂದ ಕೆಂಪಸಿದ್ದಯ್ಯ.

ಅಪ್ಪನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಅಂದುಕೊಂಡಳು ನಾಗಶ್ರೀ.

ಹನ್ನೊಂದು ತಿಂಗಳು ಕಳೆದವು. ಮೂಳೆ ಕೂಡಿತು, ಆದರೆ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಬೇರೆಯವಳಿಗೆ ಹೋಯಿತು, ಇವಳಿಗೆ ಟ್ಯೂಬಿನ ಮೇಲೆ ಹೆಸರು ಅಂಟಿಸುವ ಕೆಲಸ ಉಳಿಯಿತು.

'ಗೌಡ್ರ ಹುಡ್ಗ ಬೇಕಂತ್ಲೇ ಮಾಡವ್ನೆ' ಎಂದು ಬೀದಿಯಲ್ಲಿ ಮಾತಾಯಿತು. ಬೇಕಂತಲೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮಳವಳ್ಳಿಯಲ್ಲಿ ಅವನ ಕೈಗೆ ಯಾರೂ ಗಾಡಿ ಕೊಡದ ಹಾಗಾಯಿತು. ಅವನು ಮಂಡ್ಯಕ್ಕೆ ಹೋಗಿ ಸಿದ್ದೇಶ್ ಎಂಬುವರ ಬೇರಿಂಗ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಾನೆ, ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ಸುದ್ದಿ ಬಂತು.

ಕಾರು ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು.

"ಗುಜರಿಗೆ ಕೊಟ್ಬುಡವ್ವ," ಅನ್ನುತ್ತಿದ್ದ ಅಪ್ಪ, ವಾರಕ್ಕೊಂದು ಸಲ. "ಕಣ್ಣಿಗ್ ಕಾಣ್ದಂಗೆ ತೊಲಗ್ಲಿ."

ಅವಳು ಕೊಡಲಿಲ್ಲ. ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಅಪ್ಪ ಪಿಂಚಣಿ ವಿಚಾರಕ್ಕೆ ಮಂಡ್ಯಕ್ಕೆ ಹೋಗಿದ್ದಾಗ, ಟಾರ್ಪಾಲು ಎಳೆದು ಬಾನೆಟ್ ಎತ್ತಿದಳು. ತಾನೇ ಬ್ರೇಕ್ ಸರಿಮಾಡುತ್ತೇನೆ, ಯಾರ ಹಂಗೂ ಬೇಡ ಅನ್ನುವ ಹಟ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳವನ್ನು ಎಡಗೈಯಲ್ಲಿ ತಿರುಗಿಸಿದಳು.

ಮುಚ್ಚಳದೊಳಗಿನ ರಬ್ಬರು ಹೊರಕ್ಕೆ ಬಂತು. ಊದಿಕೊಂಡಿತ್ತು! ಎಷ್ಟು ಒತ್ತಿದರೂ ಮತ್ತೆ ಒಳಗೆ ಕೂರಲಿಲ್ಲ.

'ರಬ್ಬರೆಲ್ಲ ಉಬ್ಕೊಂಡ್ ಬುಡ್ತವೆ' ಅಂದಿದ್ದ ರಘು. ಸಿರಿಂಜಿನಿಂದ ಡಬ್ಬಿಯ ದ್ರವ ಎಳೆದು ಲ್ಯಾಬಿನ ಟ್ಯೂಬಿಗೆ ಹಾಕಿ, ಗೋಡೆಗೆ ಒರಗಿಸಿಟ್ಟಳು. ಲ್ಯಾಬಿನಲ್ಲಿ ರಕ್ತ ತಿಳಿಯಾಗಲು ಬಿಟ್ಟು ಕಾಯುವ ಹಾಗೆ ಕಾದಳು. ನಿಧಾನವಾಗಿ ಎರಡು ಪದರ ಬೇರೆಯಾದವು. ಕೆಳಗೆ ತೆಳು ಹಳದಿ, ಮೇಲೆ ಕಂದು ಬಣ್ಣದ, ಜಿಡ್ಡು ಜಿಡ್ಡಾದ...

ಇಂಜಿನ್ ಆಯಿಲ್!

ರಘು ಹಾಕಿರಲಾರ. ತಾನು ಹಾಕಿಲ್ಲ. ಆ ಮನೆಯಲ್ಲಿ ಇನ್ನು ಉಳಿದವನು ಒಬ್ಬನೇ.

ಮಧ್ಯಾಹ್ನ ಅಪ್ಪ ಬಂದ. ಎತ್ತಿದ ಬಾನೆಟ್, ಮಗಳ ಕೈಯ ಟ್ಯೂಬು ನೋಡಿ ಅಂಗಳದಲ್ಲೇ ನಿಂತ.

"ಯಾವತ್ ಹಾಕ್ದೆ?"

ಅಪ್ಪ ಹೋಗಿ ಜಗಲಿಯ ಅಂಚಿನಲ್ಲಿ ಕೂತ.

"ನೀವಿಬ್ರೂ ಗಾಳಿ ತೆಗುದ್ ಮಾರ್ನೇ ದಿನ, ಸೋಮವಾರ," ಅಂದ ಕೆಂಪಸಿದ್ದಯ್ಯ. "ಡಬ್ಬಿ ಒಂಚೂರು ಕಮ್ಮಿ ಇತ್ತು ಕಣವ್ವ. ಅವ್ನು ನೋಡ್ದೆ ಓಗವ್ನೆ, ನಾನು ತುಂಬ್ಸುದ್ರೆ ನಿಂಗೆ ತೋರುಸ್ಬೋದು ಅಂದ್ಕೊಂಡೆ. ಮನೇಲಿದ್ದ ಆಯಿಲ್ ಅದೊಂದೇ. ಒಂಚೂರಿಗೆ ಏನಾಗ್ತದೆ ಅಂದ್ಕೊಂಡೆ."

"ಯಾಕಪ್ಪಾ?"

"ಆ ಗಾಡಿ ಅದ್ನೈದು ವರ್ಸ ನನ್ ಕೈಲಿತ್ತು. ನೀವಿಬ್ರೂ ಒಂದ್ ದಿನ, ಒಂದೇ ಒಂದ್ ದಿನ, ನನ್ನ ಒಂದ್ ಮಾತ್ ಕೇಳುದ್ರಾ?"

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

"ಇಳಿಜಾರಲ್ಲಿ ಒಗೆ ಬಂದಾಗ್ಲೇ ನಂಗ್ ಗೊತ್ತಾಯ್ತು," ಅಂದ ಅಪ್ಪ. "ನಿಂಗೆ ಬಾಯ್ಬುಟ್ಟು ಏಳಕಾಗ್ಲಿಲ್ಲ. ಮೂವತ್ತೊಂದು ವರ್ಸ ಒಂದು ಗೀರು ಬೀಳುಸ್ದೋನು... ಏನಂತ ಏಳ್ಲಿ?"

"ನನ್ ಕೈ ಹೋಯ್ತಲ್ಲಪ್ಪ."

"ಗೊತ್ತು. ನೀನು ಎಡಗೈಲಿ ಉಣ್ಣೋದ ದಿನಾ ನೋಡ್ತೀನಿ."

"ಅವ್ನ ಬದುಕೂ ಹೋಯ್ತು. ನಾನು ಅವ್ನಿಗೆ ಏನಂದೆ ಅಂತ ನೀನು ಕೇಳುಸ್ಕೊಂಡೆ. ಕೇಳುಸ್ಕೊಂಡು ಸುಮ್ನಿದ್ದೆ!" ಅವಳ ದನಿ ಏರಲಿಲ್ಲ, ಇಳಿಯಿತು. "ನಾಳೆ ಮಂಡ್ಯಕ್ಕೆ ಹೋಗ್ತೀವಿ. ನೀನೇ ಹೇಳ್ಬೇಕು. ಅಂಗಡಿಲಿ ಯಾರಿದ್ರೂ ಸರಿ, ಅವ್ರ ಮುಂದೆ."

"ಗೌಡ್ರ ಹುಡ್ಗನ ಮುಂದೆ ನಾನು ತಲೆ ಬಗ್ಸ್ಬೇಕಾ?"

"ಬಗ್ಸು ಅಂದಿಲ್ಲ. ನಿಜ ಹೇಳು ಅಂದೆ. ಹೇಳ್ಲಿಲ್ಲ ಅಂದ್ರೆ ನಾನು ಈ ಮನೇಲಿ ಇರಲ್ಲ."

ಮರುದಿನ ಬಸ್ಸಿನಲ್ಲಿ ಅಪ್ಪ ಮಗಳು ಪಕ್ಕಪಕ್ಕ ಕೂತರು. ಟ್ಯೂಬು ಅಪ್ಪನ ಜೇಬಿನಲ್ಲಿತ್ತು.

ಅಂಗಡಿಯಲ್ಲಿ ಮಾಲೀಕ ಸಿದ್ದೇಶ್ ಮತ್ತು ನಾಲ್ಕು ಜನ ಗಿರಾಕಿಗಳಿದ್ದರು. ಬಿಲ್ಲು ಬರೆಯುತ್ತಿದ್ದ ರಘುನಂದನ್ ತಲೆಯೆತ್ತಿದ. ಇಳಿದುಹೋಗಿದ್ದ. ಅವಳನ್ನು ನೋಡಿ ಪೆನ್ನು ಕೆಳಗಿಟ್ಟ.

ಕೆಂಪಸಿದ್ದಯ್ಯ ಕೌಂಟರಿಗೆ ಹೋಗಿ ಟ್ಯೂಬು ಇಟ್ಟ. "ಆ ಡಬ್ಬಿಗೆ ಇಂಜಿನ್ ಆಯಿಲ್ ಉಯ್ದೋನು ನಾನು. ಬ್ರೇಕ್ ಕೆಡ್ಸಿದ್ದು ನಾನು. ಈ ಹುಡ್ಗುಂದು ಏನೂ ತಪ್ಪಿಲ್ಲ. ಮಳವಳ್ಳಿಲಿ ಯಾರಾದ್ರೂ ಕೇಳುದ್ರೆ ನನ್ ಹೆಸ್ರು ಏಳಿ. ಕೆಂಪಸಿದ್ದಯ್ಯ ಅಂತ."

ಒಬ್ಬ ಗಿರಾಕಿ ಬಗ್ಗಿ ಟ್ಯೂಬು ನೋಡಿದ.

"ನಾನು ಬಸ್ಸಲ್ಲಿ ಓಯ್ತೀನಿ," ಅಂದ ಮಗಳಿಗೆ. "ನೀನು ನಿಧಾನಕ್ಕೆ ಬಾ." ಹಿಂದೆ ತಿರುಗಿ ನೋಡದೆ ನಡೆದ. ಮಂಡಿನೋವಿಗೆ ಒಂದು ಕಾಲು ಎಳೆಯುತ್ತಿತ್ತು.

ರಘುನಂದನ್ ಅಂಗಡಿಯ ಹೊರಗೆ ಬಂದ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದ.

"ಹನ್ನೊಂದು ತಿಂಗ್ಳು ಕಣೆ! ಆ ನಟ್ಟು ಬಿಗಿದ್ನಾ ಇಲ್ವಾ ಅಂತ ದಿನಾ ಮಲಗೋವಾಗ ಕೈ ತಿರುಗ್ಸಿ ತಿರುಗ್ಸಿ ನೋಡ್ಕೊಂಡಿದೀನಿ. ಮದ್ವೆ ಮಾತು ಆಡಿ ನಿನ್ ಕೈ ಮುರುದ್ನಲ್ಲ ಅಂತ..."

"ಕ್ಷಮಿಸು ಅಂತ ಕೇಳಕ್ಕೆ ಬಂದಿಲ್ಲ ರಘು. ಆವತ್ತು ಅಂದ ಮಾತು ವಾಪಸ್ ತಗೊಳ್ಳಕ್ಕೆ ಬಂದೆ. ಕೇರಿಯೋರ ಕಾರು ಅಂತ..."

"ಅದು ವಾಪಸ್ ಹೋಗಲ್ಲ," ಅಂದ ಕಟುವಾಗಿ. "ನಾನು ಮೂರು ಸಲ ನೋಡಿದ್ದೆ ಅಂತ್ಲೇ ನೆಪ್ಪು. ಹೇಳ್ಬೋದಿತ್ತು. ಆದ್ರೆ ನಮ್ ಮನೇಲಿ ಏನೇನ್ ಮಾತಾಡ್ತಾರೆ ಅಂತ ಕೇಳ್ಕೊಂಡೇ ಬೆಳ್ದೋನು ನಾನು. ನನ್ನೊಳಗೂ ಅದೆಲ್ಲೋ ಇದ್ದು, ಕೈ ಸಡ್ಲ ಬಿಟ್ನಾ ಅಂತ ನಂಗೇ ಅನುಮಾನ ಬಂತು. ಅದುಕ್ಕೇ ಸುಮ್ನಾದೆ."

ಇಷ್ಟು ಪ್ರಾಮಾಣಿಕವಾಗಿ ಯಾರೂ ಅವಳ ಮುಂದೆ ಮಾತಾಡಿರಲಿಲ್ಲ.

"ಈಗ್ಲೂ ಅನುಮಾನ ಐತಾ?"

"ಬ್ರೇಕಿನ ಮೇಲಿಲ್ಲ." ಅವನು ಟ್ಯೂಬನ್ನು ಅವಳಿಗೆ ಕೊಟ್ಟ. "ನಿಮ್ಮಪ್ಪನ ಮೇಲೆ ಕೋಪ ಹೋಗಲ್ಲ. ಸುಳ್ಳು ಹೇಳಲ್ಲ ನಾನು."

"ನಂದೂ ಹೋಗಿಲ್ಲ."

ಬೀದಿಯಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು.

"ರಿಜಿಸ್ಟರ್ ಆಫೀಸಲ್ಲಿ ಮದ್ವೆ ವಿಚಾರ ಕೇಳಿದ್ದೆ," ಅಂದ ಅವನು, ಗಾಡಿಗಳನ್ನೇ ನೋಡುತ್ತ. "ಆಸ್ಪತ್ರೆಗೆ ಬಂದ ದಿನದ ಹಿಂದಿನ ದಿನ. ನೋಟೀಸ್ ಬೋರ್ಡಿಗೆ ಮೂವತ್ತು ದಿನ ಹೆಸ್ರು ಹಾಕ್ತಾರಂತೆ. ಇಬ್ರುದೂ. ಊರು, ವಿಳಾಸ, ಎಲ್ಲ."

"ನಿಮ್ಮೋರು ಓದ್ತಾರೆ."

"ಓದ್ತಾರೆ. ಅಮ್ಮ ಬಾಗ್ಲು ಹಾಕ್ಕೋತಾಳೆ. ಚಿಕ್ಕಪ್ಪದೀರು ಬತ್ತಾರೆ."

"ಮೂವತ್ತು ದಿನದಲ್ಲಿ ನೀನು ಹೆದ್ರುಕೊಂಡ್ರೆ?"

ಅವನು ಈಗ ಅವಳ ಕಡೆ ತಿರುಗಿದ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣನ್ನೇ ನೋಡಿದ.

"ಹೆದ್ರುಕೋತೀನಿ ಕಣೆ. ಹೆದ್ರುಕೊಂಡೇ ಬತ್ತೀನಿ."

"ಹಂಗಾದ್ರೆ... ನಾನೂ ಹೆದ್ರುಕೊಂಡೇ ಬತ್ತೀನಿ."