ಕೂರ್ಗಾವಿಗೆ ಮೂರು ಸಾಕ್ಷಿ

"ನಮ್ಮಮ್ಮನ ಮಾತು ಸುಳ್ಳು ಅಂತ ಬರೆದೋರು ನೀವೇನಾ?"

ನಿಘಂಟು ಕಚೇರಿಯ ಮೇಜಿನ ಮೇಲೆ ಚೀಟಿಯೊಂದು ಬಂದು ಬಿತ್ತು. ಸಹಸಂಪಾದಕಿ ತಲೆಯೆತ್ತಿದಳು. ಎದುರಿಗೆ ಬೀಗ ರಿಪೇರಿಯವನು. ಬೆರಳಲ್ಲಿ ಎಣ್ಣೆಮಸಿ, ಕಣ್ಣಲ್ಲಿ ಕೆಂಡ.

"ಸುಳ್ಳು ಅಂದಿಲ್ಲ. 'ಸಾಕ್ಷಿ ಸಾಲದು' ಅಂತ ಬರೆದಿದ್ದೀನಿ."

ಅವನು ನಿಘಂಟಿಗೆ ಕಳಿಸಿದ್ದ ಪದ 'ಕೂರ್ಗಾವು'. ಒಬ್ಬರು ಎದ್ದುಹೋದ ಮೇಲೆ ಕುರ್ಚಿಯಲ್ಲಿ ಉಳಿಯುವ ಬಿಸಿ. ಹೋದ ವರ್ಷ ತೀರಿಕೊಂಡ ಅವನ ತಾಯಿಯ ಮಾತು.

"ನಾನೊಬ್ಬ ಸಾಲಲ್ವಾ?"

"ಮೂರು ಮನೆ, ಮೂರು ಬಾಯಿ. ಒಬ್ಬರಿಗೊಬ್ಬರು ನೆಂಟರಾಗಿರಬಾರದು."

"ಅರ್ಥ ಹುಡುಕ್ತೀರೋ, ಸಂಬಂಧ ನೋಡ್ತೀರೋ?"

ನಗು ತಡೆಯಲು ಅವಳು ಪೆನ್ನಿನ ಮುಚ್ಚಳ ಕಚ್ಚಿಕೊಂಡಳು.

ಭಾನುವಾರ ಇಬ್ಬರೂ ಅವನ ತಾಯಿ ಬೆಳೆದ ಕೇರಿಗೆ ಹೋದರು. ಮೊದಲ ಮನೆಯಲ್ಲೇ ಅವನು ಅಜ್ಜನ ಕಿವಿಗೆ ಬಾಯಿಟ್ಟು, "ಕೂರ್ಗಾವು ಅಂದ್ರೆ ಕುರ್ಚಿ ಬಿಸಿ ಅಲ್ವಾ ತಾತ?" ಎಂದು ಕೂಗಿದ. ತಾತ "ಹೂಂ" ಎಂದರು. ಅವಳು ಆ ಸಾಕ್ಷಿಗೆಂದು ತೆಗೆದಿದ್ದ ಚೀಟಿ ಹರಿದಳು.

"ಹೂಂ ಅಂದ್ರಲ್ರೀ..."

"ನೀವು ಆನೆ ಅಂದಿದ್ರೂ ಹೂಂ ಅಂತಿದ್ರು. ನಾವು ಬಾಯಿ ಬಿಡಬಾರದು, ಪದ ಅವರಿಂದಲೇ ಬರಬೇಕು."

ಆಮೇಲೆ ಅವಳ ದಾರಿ. ಹತ್ತು ನಿಮಿಷ ತಾನು ಸ್ಟೂಲಿನ ಮೇಲೆ ಕೂರುವುದು, ಎದ್ದು ಮನೆಯವರನ್ನು ಕೂರಿಸುವುದು, ಕಾಯುವುದು. ಐದು ಮನೆ ದಂಡ. ಮತ್ತೆರಡರಲ್ಲಿ ಪದ ಸಿಕ್ಕಿತು. ಮೂರನೆಯ ಭಾನುವಾರ ನಿವೃತ್ತ ನರ್ಸಮ್ಮನೊಬ್ಬರು ಕೂತವರೇ ಎದ್ದರು.

"ಅಯ್ಯೋ, ಕೂರ್ಗಾವು ಕಣಮ್ಮ. ಸ್ವಲ್ಪ ಆರಲಿ."

ಅವನ ಕಣ್ಣು ತುಂಬಿತು. ಬೀದಿಗೆ ಬಂದವನೇ ಕೇಳಿಬಿಟ್ಟ. "ನನ್ನನ್ನ ಮದುವೆ ಆಗ್ತೀರಾ?"

ಉತ್ತರ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಚೇರಿಯ ನಿಯಮ ಅಡ್ಡ ಬಂತು. ಪದ ಕೊಟ್ಟವರ ಸಂಬಂಧಿಕರು, ಸಂಬಂಧಿಕರಾಗಲಿರುವವರು ಅದಕ್ಕೆ ಸಹಿ ಹಾಕುವಂತಿಲ್ಲ. ಒಪ್ಪಿದರೆ ಮೂರೂ ಸಾಕ್ಷಿ ರದ್ದು. ಪುಟ ಶುಕ್ರವಾರ ಅಚ್ಚಿಗೆ. ಕಾರಣ ಹೇಳಿದರೂ ಒಪ್ಪಿದಂತೆಯೇ...

"ಈಗ ಏನೂ ಹೇಳಕ್ಕಾಗಲ್ಲ."

"ಬಿಡಿ. ಅರ್ಥ ಆಯ್ತು."

ಪುಣ್ಯಾತ್ಮನಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ.

ಸೋಮವಾರ ಅವಳು ಪ್ರಧಾನ ಸಂಪಾದಕರ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಅವರು ಕನ್ನಡಕ ತೆಗೆದರು.

"ಸಾಕ್ಷಿ ಕೇಳಿದಾಗ ಮದುವೆ ಮಾತುಕತೆ ಆಗಿತ್ತಾ?"

"ಇಲ್ಲ ಸರ್."

"ಉತ್ತರ ಕೊಟ್ಟಿದ್ದೀಯಾ?"

"ಇಲ್ಲ."

"ಹಾಗಾದ್ರೆ ಸಹಿ ಹಾಕು. ಶುಕ್ರವಾರದವರೆಗೆ ತುಟಿ ಬಿಚ್ಚಬೇಡಮ್ಮ."

ಅವನು ಅವಳ ಫೋನ್ ಎತ್ತುವುದನ್ನೇ ಬಿಟ್ಟ. ಶುಕ್ರವಾರ ಸಂಜೆ ಅಚ್ಚಾದ ಪುಟ ಹಿಡಿದು ಅವಳೇ ಅಂಗಡಿಗೆ ಹೋದಳು. ಅವನು ಕೀಲಿ ಉಜ್ಜುತ್ತ ಪುಟ ನೋಡಿದ. ಅಮ್ಮನ ಪದದ ಬಳಿ ಕಣ್ಣು ನಿಂತಿತು.

"ಥ್ಯಾಂಕ್ಸ್. ಇದನ್ನ ಕೊಡಕ್ಕೆ ಬಂದ್ರಾ?"

"ಉತ್ತರ ಕೊಡಕ್ಕೆ. ಅವತ್ತೇ ಒಪ್ಪಿದ್ರೆ ನಿಮ್ಮ ಕಡೆಯವಳಾಗ್ತಿದ್ದೆ. ಅಮ್ಮನ ಪದ ಬಿದ್ದು ಹೋಗ್ತಿತ್ತು."

ಅವನ ಕೈ ನಿಂತಿತು.

"ಐದು ದಿನದಿಂದ ಊಟ ಸೇರಿಲ್ಲ ಕಣ್ರೀ ನನಗೆ."

"ನನಗೆ ನಿದ್ದೆ."

"ಈಗ...?"

"ಈಗ ನಿಮ್ಮ ಕಡೆಯವಳೇ. ನಿಮ್ಮ ಮನೆಯ ಪದಕ್ಕೆ ಇನ್ನು ನಾನು ಸಹಿ ಹಾಕೋ ಹಾಗಿಲ್ಲ."

"ಅಮ್ಮಂದು ಇನ್ನೂ ಎಷ್ಟೋ ಇವೆ. ಯಾರಿಗೆ ಹೇಳ್ಲಿ?"

ಅವಳು ಸ್ಟೂಲು ಎಳೆದುಕೊಂಡು ಕೂತಳು.

"ನನಗೇ ಹೇಳಿ. ಮನೆಯವರ ಹತ್ರ ಸಾಕ್ಷಿ ಕೇಳಲ್ಲ."